ಓದುಗರ ಪ್ರಶ್ನೆ: ಶುಲ್ಕವಿಲ್ಲದ ಶಾಲೆ, ದುಬಾರಿ ವಿಳಾಸ

ಅಮೆರಿಕದಲ್ಲಿ ಮಕ್ಕಳು, ಮೊಮ್ಮಕ್ಕಳು ಇರುವ ಓದುಗರಿಂದ ಅಲ್ಲಿಯ ಹೈಸ್ಕೂಲಿನ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಆ ದೇಶದಲ್ಲಿ ಶಾಲೆಯ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತವೆ. ಆದ್ದರಿಂದ ಎಲ್ಲ ಕಡೆಗೂ ಸಲ್ಲುವ ಸಾಮಾನ್ಯ ಮಾತುಗಳನ್ನು ಬಿಟ್ಟು, ನಾನು ಬಲ್ಲ ಇಲಿನಾಯ್ ರಾಜ್ಯವನ್ನು, ಅದರಲ್ಲೂ ಶಿಕಾಗೊ ನಗರದ ಉತ್ತರಕ್ಕೆ ಮಿಶಿಗನ್ ಸರೋವರದ ದಂಡೆಯಲ್ಲಿರುವ ವಿನೆಟ್ಕಾ ಎಂಬ ಊರಿನ ನ್ಯೂ ಟ್ರಿಯರ್ ಹೈಸ್ಕೂಲನ್ನು ಮುಂದಿಟ್ಟುಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಮಗ ಶಿಕಾಗೊ ಹತ್ತಿರ ಚೆನ್ನಾಗಿದ್ದ ಮನೆಯನ್ನು ಬಿಟ್ಟು, ಅದಕ್ಕಿಂತ ಚಿಕ್ಕ ಮನೆಗೆ ಹೆಚ್ಚು ಬಾಡಿಗೆ ಕೊಟ್ಟು ಹೋಗಿದ್ದಾನೆ. ಕೇಳಿದರೆ, “ಅಪ್ಪಾಜಿ, ಇಲ್ಲಿಯ ಹೈಸ್ಕೂಲು ಚೆನ್ನಾಗಿದೆ” ಎನ್ನುತ್ತಾನೆ. ಅದು ಸರ್ಕಾರಿ ಶಾಲೆಯಂತೆ, ಶುಲ್ಕವೂ ಇಲ್ಲವಂತೆ. ಶುಲ್ಕವೇ ಇಲ್ಲದ ಶಾಲೆಗಾಗಿ ಇಷ್ಟು ದುಡ್ಡು ಸುರಿಯುವುದರಲ್ಲಿ ಏನು ಅರ್ಥವಿದೆ?
(ನಿವೃತ್ತ ಬ್ಯಾಂಕ್ ನೌಕರರು, ದಾವಣಗೆರೆ)

ಉತ್ತರ: ನಿಮ್ಮ ಮಗ ಶುಲ್ಕವನ್ನು ಕಟ್ಟುತ್ತಲೇ ಇದ್ದಾರೆ. ಅದು ಶಾಲೆಯ ಕಚೇರಿಯಲ್ಲಿ ಕಟ್ಟುವ ಹಣವಲ್ಲ, ಮನೆಯ ಮಾಲೀಕರಿಗೆ ಕೊಡುವ ಬಾಡಿಗೆಯೊಳಗೆ ಸೇರಿಕೊಂಡ ಹಣ.

ನಮ್ಮಲ್ಲಿ ಶಾಲೆಯ ಹೆಸರಿನ ಜೊತೆ ‘ಪಬ್ಲಿಕ್’ ಎಂಬ ಮಾತಿದ್ದರೆ ಡೊನೇಶನ್ ಎಷ್ಟು ಎಂದು ಕೇಳಬೇಕಾಗುತ್ತದೆ. ಅಲ್ಲಿ ಪಬ್ಲಿಕ್ ಹೈಸ್ಕೂಲು ಎಂದರೆ ಊರಿನವರು ತೆರಿಗೆ ಕೊಟ್ಟು ತಾವೇ ನಡೆಸುವ ಶಾಲೆ. ಪುಸ್ತಕ, ಪ್ರಯೋಗಾಲಯ ಮುಂತಾದ ಬಾಬ್ತಿಗೆ ಒಂದಿಷ್ಟು ಹಣ ಕೇಳುವುದುಂಟು, ಬಡ ಕುಟುಂಬಗಳಿಗೆ ಅದರಲ್ಲೂ ವಿನಾಯಿತಿ ಇದೆ. ಉಳಿದ ಖರ್ಚು ತೆರಿಗೆಯಿಂದ ಬರುತ್ತದೆ, ಅದರಲ್ಲಿ ಕೇಂದ್ರ ಸರ್ಕಾರದ ಪಾಲು ಬಹಳ ಕಡಿಮೆ. ಇಲಿನಾಯ್‌ನ ಸ್ಥಿತಿವಂತ ಉಪನಗರಗಳಲ್ಲಂತೂ ಶಾಲೆಯ ಆದಾಯದ ಬಹುಭಾಗ ಮನೆ ಮತ್ತು ಅಂಗಡಿಗಳ ಮೇಲಿನ ಆಸ್ತಿ ತೆರಿಗೆಯೇ.

ಶಿಕಾಗೊ ಇರುವ ಕುಕ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಆಸ್ತಿ ತೆರಿಗೆಯ ಬಿಲ್ಲನ್ನು ಒಮ್ಮೆ ನಿಮ್ಮ ಮಗನ ಪರಿಚಯದವರಾರಾದರೂ ತೋರಿಸಿದರೆ ಈ ಸಂಗತಿ ಸ್ಪಷ್ಟವಾಗುತ್ತದೆ. ನಮ್ಮ ಕಂದಾಯದ ರಸೀದಿಯ ಹಾಗೆ ಅಲ್ಲಿ ಒಂದೇ ಮೊತ್ತ ಇರುವುದಿಲ್ಲ. ಕೌಂಟಿಗೆ ಇಷ್ಟು, ಊರಿನ ಆಡಳಿತಕ್ಕೆ ಇಷ್ಟು, ಗ್ರಂಥಾಲಯಕ್ಕೆ, ಉದ್ಯಾನಗಳಿಗೆ, ಚರಂಡಿ ನೀರಿನ ಸಂಸ್ಕರಣೆಗೆ ಇಷ್ಟಿಷ್ಟು ಎಂದು ಸಾಲುಸಾಲಾಗಿ ಬರೆದಿರುತ್ತಾರೆ. ಸೊಳ್ಳೆ ನಿಯಂತ್ರಣಕ್ಕೆಂದೇ ಇರುವ ಒಂದು ‘ಡಿಸ್ಟ್ರಿಕ್ಟ್’ಗೆ ಕೂಡ ಪ್ರತ್ಯೇಕ ಸಾಲು ಇರುತ್ತದೆ. ಇಲ್ಲಿ ಡಿಸ್ಟ್ರಿಕ್ಟ್ ಎಂದರೆ ನಮ್ಮ ಜಿಲ್ಲೆಯಲ್ಲ, ಒಂದು ಗಡಿಯೊಳಗೆ ಒಂದೇ ಕೆಲಸಕ್ಕಾಗಿ ತೆರಿಗೆ ಎತ್ತುವ ಸ್ಥಳೀಯ ಸಂಸ್ಥೆ. ಇವುಗಳ ನಡುವೆ ಶಾಲೆಯ ಹೆಸರಿನಲ್ಲಿ ಎರಡು ಸಾಲುಗಳನ್ನು ಕಾಣುತ್ತೀರಿ: ಎಂಟನೇ ತರಗತಿಯವರೆಗಿನ ಶಾಲಾ ಡಿಸ್ಟ್ರಿಕ್ಟ್ ಒಂದು, ಹೈಸ್ಕೂಲ್ ಡಿಸ್ಟ್ರಿಕ್ಟ್ ಇನ್ನೊಂದು. ಉಪನಗರಗಳಲ್ಲಿ ಸಾಮಾನ್ಯವಾಗಿ ಈ ಎರಡು ಸಾಲುಗಳು ಸೇರಿದರೆ ಇಡೀ ಬಿಲ್ಲಿನ ಅರ್ಧವನ್ನು ದಾಟುತ್ತವೆ.

ನ್ಯೂ ಟ್ರಿಯರ್ ಹೈಸ್ಕೂಲು 1901ರಲ್ಲಿ ಆರಂಭವಾಯಿತು. ಜರ್ಮನಿಯ ಟ್ರಿಯರ್ ಪಟ್ಟಣದ ಕಡೆಯಿಂದ ವಲಸೆ ಬಂದವರು ತಮ್ಮ ಹೊಸ ನೆಲೆಗೆ ಕೊಟ್ಟ ಹೆಸರು ಶಾಲೆಗೂ ಬಂತು. ವಿನೆಟ್ಕಾ, ವಿಲ್ಮೆಟ್, ಕೆನಿಲ್ವರ್ತ್, ಗ್ಲೆನ್ಕೋ, ನಾರ್ತ್‌ಫೀಲ್ಡ್ ಊರುಗಳಿಗೂ ಗ್ಲೆನ್‌ವ್ಯೂ ಊರಿನ ಒಂದು ಭಾಗಕ್ಕೂ ಇದೇ ಹೈಸ್ಕೂಲು. ಈ ಗಡಿಯೊಳಗೆ ವಾಸವಿರುವ ಪ್ರತಿ ಮಗುವಿಗೂ, ಅಂಕ ಎಷ್ಟೇ ಇರಲಿ, ಪ್ರವೇಶ ಕೊಡಲೇಬೇಕು. ಗಡಿಯಿಂದ ಒಂದು ರಸ್ತೆ ಆಚೆಗೆ ಮನೆ ಇದ್ದರೆ, ಅಂಕ ಎಷ್ಟೇ ಇರಲಿ, ಪ್ರವೇಶ ಇಲ್ಲ. ದಾಖಲಾತಿಯ ದಿನ ಕೇಳುವ ಮುಖ್ಯ ಕಾಗದವೆಂದರೆ ಬಾಡಿಗೆ ಕರಾರು ಅಥವಾ ತೆರಿಗೆ ಬಿಲ್ಲು, ಜೊತೆಗೆ ವಿದ್ಯುತ್ ಬಿಲ್ಲಿನಂತಹ ವಿಳಾಸದ ಪುರಾವೆ. ಸಂಬಂಧಿಕರ ವಿಳಾಸ ಕೊಟ್ಟು ಮಗುವನ್ನು ಸೇರಿಸಿದರೆ, ಅದು ಗೊತ್ತಾದ ದಿನ ಮಗುವನ್ನು ಹೊರಗೆ ಕಳಿಸಿ ಹಿಂದಿನ ದಿನಗಳ ಖರ್ಚನ್ನೂ ವಸೂಲು ಮಾಡುವ ಅಧಿಕಾರ ಡಿಸ್ಟ್ರಿಕ್ಟ್‌ಗೆ ಇದೆ.

ಮಕ್ಕಳಿಲ್ಲದವರೂ ಈ ತೆರಿಗೆಯನ್ನು ಕೊಡುತ್ತಾರೆ. ಊರವರ ಮಕ್ಕಳ ಹೈಸ್ಕೂಲಿಗೆ ನಾವೇಕೆ ಹಣ ಕೊಡಬೇಕು ಎಂದು ಮಿಶಿಗನ್ ರಾಜ್ಯದ ಕ್ಯಾಲಮಜೂ ಪಟ್ಟಣದ ಕೆಲವು ಆಸ್ತಿವಂತರು ನ್ಯಾಯಾಲಯಕ್ಕೆ ಹೋಗಿದ್ದರು. ಹೈಸ್ಕೂಲಿಗಾಗಿ ತೆರಿಗೆ ಎತ್ತುವುದು ಕಾನೂನುಬದ್ಧ ಎಂದು 1874ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಹೇಳಿತು, ಬೇರೆ ರಾಜ್ಯಗಳೂ ಆ ತೀರ್ಪಿನ ಜಾಡನ್ನೇ ಹಿಡಿದವು. ಈಗ ಆ ಮಕ್ಕಳಿಲ್ಲದವರಿಗೂ ಒಂದು ಸಮಾಧಾನವಿದೆ: ಶಾಲೆಗೆ ಒಳ್ಳೆಯ ಹೆಸರಿದ್ದರೆ ಅವರ ಮನೆಯ ಬೆಲೆ ಇಳಿಯುವುದಿಲ್ಲ.

ಪ್ರಶ್ನೆ: ಹಾಗಾದರೆ ಶ್ರೀಮಂತರ ಊರಿಗೆ ಶ್ರೀಮಂತ ಶಾಲೆ, ಬಡವರ ಊರಿಗೆ ಬಡ ಶಾಲೆ ಎಂದಾಯಿತಲ್ಲ? ಇದನ್ನು ಅಲ್ಲಿ ಯಾರೂ ಪ್ರಶ್ನಿಸಲಿಲ್ಲವೇ?
(ಕಾಲೇಜು ಉಪನ್ಯಾಸಕಿ, ಹುಬ್ಬಳ್ಳಿ)

ಉತ್ತರ: ಪ್ರಶ್ನಿಸಿದ್ದಾರೆ, ಅದೂ ಇದೇ ಶಾಲೆಯ ಬಾಗಿಲಿಗೆ ಹೋಗಿ. 2008ರ ಸೆಪ್ಟೆಂಬರ್‌ನಲ್ಲಿ, ಶಿಕಾಗೊದ ಶಾಲೆಗಳು ತೆರೆದ ಮೊದಲ ದಿನವೇ, ಪಾದ್ರಿಯೂ ರಾಜ್ಯದ ಸೆನೆಟರರೂ ಆಗಿದ್ದ ಜೇಮ್ಸ್ ಮೀಕ್ಸ್ ಅವರು ನಗರದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಬಸ್ಸುಗಳಲ್ಲಿ ಕೂರಿಸಿಕೊಂಡು ನ್ಯೂ ಟ್ರಿಯರ್‌ನ ನಾರ್ತ್‌ಫೀಲ್ಡ್ ಆವರಣಕ್ಕೆ ಬಂದರು. ನಮ್ಮನ್ನೂ ಇಲ್ಲಿ ಸೇರಿಸಿಕೊಳ್ಳಿ ಎಂದು ಮಕ್ಕಳು ಅರ್ಜಿ ತುಂಬಿದರು. ಶಾಲೆಯವರು ಗಲಾಟೆ ಮಾಡದೆ ಮೇಜು ಹಾಕಿ, ಸೌಜನ್ಯದಿಂದಲೇ ಅರ್ಜಿಗಳನ್ನು ತೆಗೆದುಕೊಂಡರು. ವಿಳಾಸ ಗಡಿಯ ಹೊರಗಿದ್ದುದರಿಂದ ಯಾರನ್ನೂ ಸೇರಿಸಿಕೊಳ್ಳುವಂತಿರಲಿಲ್ಲ ಎಂಬುದು ಬಂದವರಿಗೂ ಬರಮಾಡಿಕೊಂಡವರಿಗೂ ಗೊತ್ತಿತ್ತು.

ನ್ಯಾಯಾಲಯದ ದಾರಿ ಅದಕ್ಕೂ ಬಹಳ ಹಿಂದೆಯೇ ಮುಚ್ಚಿತ್ತು. ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದ ಬಡ ಪ್ರದೇಶವೊಂದರ ಪೋಷಕರು ಹೂಡಿದ್ದ ಮೊಕದ್ದಮೆಯಲ್ಲಿ, ಶಿಕ್ಷಣವು ಕೇಂದ್ರ ಸಂವಿಧಾನ ಕೊಡುವ ಮೂಲಭೂತ ಹಕ್ಕಲ್ಲ, ಆಸ್ತಿ ತೆರಿಗೆಯ ಆಧಾರದಲ್ಲಿ ಶಾಲೆಗಳ ನಡುವೆ ಅಂತರ ಉಂಟಾದರೆ ಅದು ಸಂವಿಧಾನದ ಉಲ್ಲಂಘನೆಯಲ್ಲ ಎಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1973ರಲ್ಲಿ ತೀರ್ಪು ಕೊಟ್ಟಿತು. ಐದು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ ನಿಂತ ತೀರ್ಪು ಅದು. ಆ ಮೇಲೆ ಜಗಳವೆಲ್ಲ ರಾಜ್ಯಗಳ ಮಟ್ಟಕ್ಕೆ ಇಳಿಯಿತು. ಇಲಿನಾಯ್ 2017ರಲ್ಲಿ ಅನುದಾನದ ಸೂತ್ರವನ್ನೇ ಬದಲಾಯಿಸಿ, ರಾಜ್ಯದ ಹೊಸ ಹಣ ಹೆಚ್ಚು ಕೊರತೆಯಿರುವ ಡಿಸ್ಟ್ರಿಕ್ಟ್‌ಗಳಿಗೆ ಮೊದಲು ಹೋಗಬೇಕು ಎಂದು ಮಾಡಿತು. ಆದರೆ ಯಾವ ಡಿಸ್ಟ್ರಿಕ್ಟ್‌ಗೂ ಹಿಂದೆ ಸಿಗುತ್ತಿದ್ದುದು ಕಡಿಮೆಯಾಗಬಾರದು ಎಂಬ ಒಪ್ಪಂದವೂ ಅದರಲ್ಲಿತ್ತು. ಕೊರತೆ ಕರಗುತ್ತಿದೆ, ನಿಧಾನವಾಗಿ.

ಹಣದ ಹಿಂದೆ ಇನ್ನೊಂದು ಚರಿತ್ರೆ ಇದೆ. ಈ ಸರೋವರದ ದಂಡೆಯ ಊರುಗಳಲ್ಲಿ ಕಪ್ಪು ಜನರಿಗೆ, ಕೆಲವೆಡೆ ಯಹೂದಿಯರಿಗೆ, ಮನೆ ತೋರಿಸುವುದಕ್ಕೇ ದಲ್ಲಾಳಿಗಳು ಒಪ್ಪುತ್ತಿರಲಿಲ್ಲ. ಅದರ ವಿರುದ್ಧ ಸ್ಥಳೀಯರೇ ಹೂಡಿದ ಚಳವಳಿಗೆ ಬಲ ಕೊಡಲು ಮಾರ್ಟಿನ್ ಲೂಥರ್ ಕಿಂಗ್ ಅವರು 1965ರ ಜುಲೈನಲ್ಲಿ ವಿನೆಟ್ಕಾ ಊರಿನ ಮೈದಾನಕ್ಕೆ ಬಂದು ಸಾವಿರಾರು ಜನರ ಎದುರು ಮಾತನಾಡಿದರು. ಮನೆ ಮಾರಾಟ ಮತ್ತು ಬಾಡಿಗೆಯಲ್ಲಿ ಭೇದ ಮಾಡುವುದನ್ನು ನಿಷೇಧಿಸುವ ಕೇಂದ್ರ ಕಾನೂನು 1968ರಲ್ಲಿ ಬಂತು. ಮನೆ ಸಿಗದವರಿಗೆ ಶಾಲೆಯೂ ಸಿಗುವುದಿಲ್ಲ ಎಂಬ ವ್ಯವಸ್ಥೆಯಲ್ಲಿ, ದಲ್ಲಾಳಿ ಮುಚ್ಚಿದ ಬಾಗಿಲು ಶಾಲೆಯ ಬಾಗಿಲೂ ಆಗಿತ್ತು. ನಮ್ಮವರು ಅಲ್ಲಿಗೆ ದೊಡ್ಡ ಸಂಖ್ಯೆಯಲ್ಲಿ ಹೋದದ್ದು ಆ ಕಾನೂನು ಬಂದ ಮೇಲೆ. ‘ಒಳ್ಳೆಯ ಸ್ಕೂಲ್ ಡಿಸ್ಟ್ರಿಕ್ಟ್’ ಎಂದು ಹುಡುಕುವಾಗ ಈ ಸಂಗತಿ ನಮ್ಮ ಮಾತಿನಲ್ಲಿ ಬರುವುದು ಬಹಳ ಅಪರೂಪ ಎಂಬುದನ್ನು ಗಮನಿಸಿದ್ದೇನೆ.

ಪ್ರಶ್ನೆ: ಮುಖ್ಯೋಪಾಧ್ಯಾಯನಾಗಿ ಮೂವತ್ತು ವರ್ಷ ದುಡಿದವನು ನಾನು. ಅಲ್ಲಿ ಮುಖ್ಯೋಪಾಧ್ಯಾಯರ ಮೇಲೆ ಯಾರಿರುತ್ತಾರೆ? ವರ್ಗಾವಣೆ ಯಾರ ಕೈಯಲ್ಲಿ?
(ಶಿವಮೊಗ್ಗದ ಓದುಗರು)

ಉತ್ತರ: ವರ್ಗಾವಣೆ ಎಂಬ ಪದವೇ ಅಲ್ಲಿಯ ಅಧ್ಯಾಪಕರ ಬದುಕಿನಲ್ಲಿ ಇಲ್ಲ ಎಂದರೆ ನಿಮಗೆ ಅಸೂಯೆಯಾಗಬಹುದು. ಅವರು ರಾಜ್ಯದ ನೌಕರರಲ್ಲ, ಆ ಡಿಸ್ಟ್ರಿಕ್ಟ್‌ನ ನೌಕರರು. ರಾಜ್ಯ ಕೊಡುವುದು ಬೋಧನೆಯ ಪರವಾನಗಿಯನ್ನು ಮಾತ್ರ. ಒಂದೇ ಹೈಸ್ಕೂಲು ಇರುವ ಡಿಸ್ಟ್ರಿಕ್ಟ್‌ನಲ್ಲಿ ಯಾವ ಶಾಸಕರು ಮುನಿದರೂ ಕಳಿಸಲು ಬೇರೆ ತಾಲ್ಲೂಕು ಇರುವುದಿಲ್ಲ.

ಶಾಲೆಯ ಮೇಲಿರುವುದು ಚುನಾಯಿತ ಮಂಡಳಿ. ಇಲಿನಾಯ್‌ನಲ್ಲಿ ಸಾಮಾನ್ಯವಾಗಿ ಏಳು ಮಂದಿ ಸದಸ್ಯರು, ನಾಲ್ಕು ವರ್ಷದ ಅವಧಿ, ಸಂಬಳ ಇಲ್ಲ, ಮತಪತ್ರದಲ್ಲಿ ಪಕ್ಷದ ಹೆಸರೂ ಇಲ್ಲ. ಬೆಸ ಸಂಖ್ಯೆಯ ವರ್ಷಗಳ ಏಪ್ರಿಲ್‌ನಲ್ಲಿ ಚುನಾವಣೆ ನಡೆಯುತ್ತದೆ. ಈ ಮಂಡಳಿ ಡಿಸ್ಟ್ರಿಕ್ಟ್‌ನ ಮುಖ್ಯಾಧಿಕಾರಿಯಾಗಿ ಒಬ್ಬ ಸೂಪರಿಂಟೆಂಡೆಂಟರನ್ನು ನೇಮಿಸುತ್ತದೆ, ಮುಖ್ಯೋಪಾಧ್ಯಾಯರು ಅವರ ಕೈಕೆಳಗೆ ಕೆಲಸ ಮಾಡುತ್ತಾರೆ. ಮಂಡಳಿಯ ಸಭೆಗಳು ಸಾರ್ವಜನಿಕ. ಯಾರು ಬೇಕಾದರೂ ಹೋಗಿ ಹೆಸರು ಬರೆಸಿ ಕೆಲವು ನಿಮಿಷ ಮಾತನಾಡಬಹುದು. ಅಂತಹ ಸಭೆಯೊಂದರಲ್ಲಿ ನಾನು ಕುಳಿತಿದ್ದಾಗ, ಶಾಲೆ ಬೆಳಿಗ್ಗೆ ಎಷ್ಟು ಗಂಟೆಗೆ ಆರಂಭವಾಗಬೇಕು ಎಂಬ ಒಂದೇ ವಿಷಯಕ್ಕೆ ಎರಡು ತಾಸು ಹೋಯಿತು. ನಮ್ಮ ಗ್ರಾಮಸಭೆಯ ನೆನಪಾಯಿತು, ಕೂಗಾಟ ಮಾತ್ರ ಇರಲಿಲ್ಲ.

ದೊಡ್ಡ ಖರ್ಚಿಗೆ ಮಂಡಳಿಯ ಒಪ್ಪಿಗೆಯೂ ಸಾಲದು, ಊರು ಮತ ಹಾಕಬೇಕು. ವಿನೆಟ್ಕಾದ ಹಳೆಯ ಕಟ್ಟಡದ ಒಂದು ಭಾಗವನ್ನು ಕೆಡವಿ ಕಟ್ಟಲು 2010ರಲ್ಲಿ ನ್ಯೂ ಟ್ರಿಯರ್ 17.4 ಕೋಟಿ ಡಾಲರ್ ಸಾಲಕ್ಕೆ ಮತದಾರರ ಅನುಮತಿ ಕೇಳಿತು. ಅಷ್ಟು ಸಿರಿವಂತ ಊರುಗಳ ಮತದಾರರೂ ಅದನ್ನು ತಿರಸ್ಕರಿಸಿದರು. ಯೋಜನೆಯನ್ನು ಕಿರಿದು ಮಾಡಿ 2014ರ ನವೆಂಬರ್‌ನಲ್ಲಿ 8.9 ಕೋಟಿ ಡಾಲರಿಗೆ ಮತ್ತೆ ಕೇಳಿದಾಗ ಒಪ್ಪಿದರು, ಹೊಸ ಕಟ್ಟಡ 2017ರಲ್ಲಿ ತೆರೆಯಿತು. ನಮ್ಮಲ್ಲಿ ಶಾಲೆಗೆ ಕೊಠಡಿ ಮಂಜೂರಾದರೆ ಶಾಸಕರ ಹೆಸರಿನ ಫಲಕ ಏಳುತ್ತದೆ. ಅಲ್ಲಿ ಹೆಸರು ಹಾಕಬೇಕೆಂದರೆ ಊರಿನ ಮತದಾರರ ಪಟ್ಟಿಯನ್ನೇ ಕೆತ್ತಬೇಕಾದೀತು.

ಪ್ರಶ್ನೆ: ನಾವು ಬೆಂಗಳೂರಿನಿಂದ ಶಿಕಾಗೊ ಕಡೆಗೆ ಹೊರಟಿದ್ದೇವೆ. ಮಗಳು ಸಿಬಿಎಸ್‌ಇ ಒಂಬತ್ತನೇ ತರಗತಿ ಮುಗಿಸಿದ್ದಾಳೆ. ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆ ಬರೆಸಿಯೇ ಹೋಗಬೇಕೆಂದು ಬಂಧುಗಳು ಹೇಳುತ್ತಾರೆ. ಅಲ್ಲಿ ಪ್ರವೇಶ ಸಿಗುವುದೇ? ಸೈನ್ಸ್, ಕಾಮರ್ಸ್ ಎಂದು ಯಾವಾಗ ಆರಿಸಬೇಕು?
(ಒಬ್ಬ ತಾಯಿ, ಬೆಂಗಳೂರು)

ಉತ್ತರ: ಬೋರ್ಡ್ ಪರೀಕ್ಷೆಗಾಗಿ ಕಾಯುವ ಅಗತ್ಯವಿಲ್ಲ. ಕಾಯುವುದರಿಂದ ನಷ್ಟವೇ ಹೆಚ್ಚು. ಅಲ್ಲಿ ಹೈಸ್ಕೂಲು ಎಂದರೆ ಒಂಬತ್ತರಿಂದ ಹನ್ನೆರಡರವರೆಗಿನ ನಾಲ್ಕು ವರ್ಷ, ಮತ್ತು ವಿಶ್ವವಿದ್ಯಾಲಯಗಳು ಆ ನಾಲ್ಕೂ ವರ್ಷಗಳ ದಾಖಲೆಯನ್ನು ನೋಡುತ್ತವೆ. ಹತ್ತನೇ ತರಗತಿಯ ಕೊನೆಗೆ ರಾಜ್ಯಮಟ್ಟದ ಪಾಸು-ಫೇಲಿನ ಪರೀಕ್ಷೆ ಇಲ್ಲ. ಪ್ರತಿ ವಿಷಯದಲ್ಲಿ ವರ್ಷವಿಡೀ ಮಾಡಿದ ಕೆಲಸಕ್ಕೆ ಕ್ರೆಡಿಟ್ ಮತ್ತು ಗ್ರೇಡ್ ಸಿಗುತ್ತದೆ, ಅವುಗಳ ಸರಾಸರಿಯೇ ಎಲ್ಲರ ಬಾಯಲ್ಲಿರುವ ಜಿಪಿಎ.

ಪಿಯುಸಿಯಲ್ಲಿ ಇರುವಂತಹ ವಿಭಾಗಗಳೂ ಇಲ್ಲ. ಇಂಗ್ಲಿಷನ್ನು ನಾಲ್ಕು ವರ್ಷ, ಗಣಿತವನ್ನು ಮೂರು ವರ್ಷ ಓದಬೇಕು, ಅಮೆರಿಕದ ಚರಿತ್ರೆ ಮತ್ತು ಪೌರನೀತಿಯನ್ನು ಬಿಡುವಂತಿಲ್ಲ, ದೇಶದ ಮತ್ತು ರಾಜ್ಯದ ಸಂವಿಧಾನದ ಮೇಲೆ ಒಂದು ಪರೀಕ್ಷೆ ಪಾಸಾಗಬೇಕು ಎಂಬಂತಹ ಕನಿಷ್ಠ ನಿಯಮಗಳು ಇಲಿನಾಯ್‌ನಲ್ಲಿವೆ. ಉಳಿದಂತೆ ನಿಮ್ಮ ಮಗಳು ಒಂದೇ ವರ್ಷದಲ್ಲಿ ಭೌತಶಾಸ್ತ್ರವನ್ನೂ ಪಿಟೀಲನ್ನೂ ಮರಗೆಲಸವನ್ನೂ ತೆಗೆದುಕೊಳ್ಳಬಹುದು. ಒಂದೇ ವಿಷಯವನ್ನು ಎರಡು ಮೂರು ಹಂತಗಳಲ್ಲಿ ಕಲಿಸುತ್ತಾರೆ. ಎಲ್ಲಕ್ಕಿಂತ ಮೇಲಿನದು ಎಪಿ, ಅಂದರೆ ಕಾಲೇಜು ಮಟ್ಟದ ಪಠ್ಯ, ಮೇ ತಿಂಗಳಲ್ಲಿ ರಾಷ್ಟ್ರಮಟ್ಟದ ಪರೀಕ್ಷೆ, 1ರಿಂದ 5ರವರೆಗಿನ ಅಂಕ. ನಮ್ಮ ಪೋಷಕರು ಮೊದಲ ದಿನವೇ ಎಷ್ಟು ಎಪಿ ಎಂದು ಲೆಕ್ಕ ಹಾಕತೊಡಗುತ್ತಾರೆ. ಬಂದ ವರ್ಷ ಒಂದು ಸಾಕು ಎಂಬುದು ನನ್ನ ಸಲಹೆ.

ಕಳೆದ ಎರಡು ಮೂರು ವರ್ಷಗಳ ಅಂಕಪಟ್ಟಿಗಳನ್ನು ಶಾಲೆಯ ಮೊಹರಿನೊಂದಿಗೆ, ಜನನ ಪ್ರಮಾಣಪತ್ರವನ್ನು, ಲಸಿಕೆಗಳ ದಾಖಲೆಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಅಲ್ಲಿಯ ವೈದ್ಯರಿಂದ ಆರೋಗ್ಯ ತಪಾಸಣೆಯ ನಮೂನೆಯನ್ನೂ ತುಂಬಿಸಬೇಕಾಗುತ್ತದೆ.

ಒಂದು ನಮೂನೆಯ ಬಗ್ಗೆ ವಿಶೇಷವಾಗಿ ಹೇಳಬೇಕು. ಮನೆಯಲ್ಲಿ ಯಾವ ಭಾಷೆ ಮಾತನಾಡುತ್ತೀರಿ ಎಂದು ಎಲ್ಲರನ್ನೂ ಕೇಳುತ್ತಾರೆ. ಕನ್ನಡ ಎಂದು ಬರೆದರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಕೊಡುವುದು ಕಾನೂನಿನ ಪ್ರಕಾರ ಕಡ್ಡಾಯ. ನರ್ಸರಿಯಿಂದಲೂ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಗುವಿಗೆ ಇದೆಂಥ ಅವಮಾನ ಎಂದು ಕೆಲವರು ‘ಇಂಗ್ಲಿಷ್’ ಎಂದು ಬರೆದುಬಿಡುತ್ತಾರೆ. ಹಾಗೆ ಮಾಡಬೇಡಿ. ಪರೀಕ್ಷೆ ಸುಲಭವಾದರೆ ಅಲ್ಲಿಗೇ ಮುಗಿಯುತ್ತದೆ, ಕಷ್ಟವಾದರೆ ಹೆಚ್ಚಿನ ಪಾಠ ಹಣವಿಲ್ಲದೆ ಸಿಗುತ್ತದೆ.

ಕಷ್ಟ ಪಾಠದಲ್ಲಿರುವುದಿಲ್ಲ, ಮಧ್ಯಾಹ್ನದ ಊಟದ ಹೊತ್ತಿನಲ್ಲಿರುತ್ತದೆ. ಅಲ್ಲಿ ‘ಹತ್ತನೇ ಬಿ ಸೆಕ್ಷನ್’ ಎಂಬುದು ಇಲ್ಲ. ಮೇಷ್ಟ್ರು ತಮ್ಮ ಕೊಠಡಿಯಲ್ಲೇ ಇರುತ್ತಾರೆ, ಗಂಟೆ ಹೊಡೆದಾಗಲೆಲ್ಲ ಸಾವಿರಾರು ಮಕ್ಕಳು ಓಣಿಗಳಲ್ಲಿ ಹರಿದು ಬೇರೆ ಬೇರೆ ಕೊಠಡಿಗಳಿಗೆ ಹೋಗುತ್ತಾರೆ. ಗಣಿತದಲ್ಲಿ ಪಕ್ಕ ಕುಳಿತವಳು ಇಂಗ್ಲಿಷ್ ತರಗತಿಯಲ್ಲಿ ಇರುವುದಿಲ್ಲ. ಹೊಸ ಹುಡುಗಿ ಊಟದ ತಟ್ಟೆ ಹಿಡಿದು ಯಾವ ಮೇಜಿನಲ್ಲಿ ಕೂರಬೇಕೆಂದು ತಿಳಿಯದೆ ನಿಲ್ಲುವ ಆ ಅರ್ಧ ನಿಮಿಷವನ್ನು ನಮ್ಮ ಎಷ್ಟೋ ಮಕ್ಕಳು ವರ್ಷಗಳ ನಂತರವೂ ಹೇಳುತ್ತಾರೆ. ನ್ಯೂ ಟ್ರಿಯರ್‌ನಲ್ಲಿ ಇದಕ್ಕೆ ಹಳೆಯ ಪರಿಹಾರವೊಂದಿದೆ: ಸಣ್ಣ ಗುಂಪಿಗೆ ಒಬ್ಬ ಅಧ್ಯಾಪಕರನ್ನು ‘ಅಡ್ವೈಸರ್’ ಎಂದು ನೇಮಿಸುತ್ತಾರೆ, ಆ ಗುಂಪು ದಿನವೂ ಬೆಳಿಗ್ಗೆ ಅವರ ಕೊಠಡಿಯಲ್ಲಿ ಸೇರುತ್ತದೆ. ಒಂಬತ್ತನೇ ತರಗತಿಯವರನ್ನು ನಾರ್ತ್‌ಫೀಲ್ಡ್‌ನ ಬೇರೆ ಆವರಣದಲ್ಲೇ ಇಡುತ್ತಾರೆ. ನಿಮ್ಮ ಡಿಸ್ಟ್ರಿಕ್ಟ್‌ನಲ್ಲಿ ಇಂಥ ವ್ಯವಸ್ಥೆ ಇಲ್ಲದಿದ್ದರೆ, ಕೌನ್ಸೆಲರ್ ಯಾರೆಂದು ಮೊದಲ ವಾರವೇ ತಿಳಿದುಕೊಂಡು ಹೋಗಿ ಮಾತನಾಡಿ. ನಮ್ಮಲ್ಲಿ ಪೋಷಕರನ್ನು ಕರೆಸಿದರೆ ಏನೋ ತಪ್ಪಾಗಿದೆ ಎಂದು ಅರ್ಥ. ಅಲ್ಲಿ ಏನೂ ಆಗದೆಯೂ ಹೋಗಬಹುದು.

ಪ್ರಶ್ನೆ: ಮಗಳ ಮನೆಗೆ ಹೋಗಿ ಆರು ತಿಂಗಳು ಇದ್ದು ಬಂದೆ. ಮೊಮ್ಮಗಳು ಶಾಲೆಯಿಂದ ಬರುವಾಗ ಸಂಜೆ ಏಳು ಗಂಟೆ. ಒಂದು ದಿನ ಬ್ಯಾಂಡು, ಒಂದು ದಿನ ಈಜು, ಒಂದು ದಿನ ಕಾರು ಕಲಿಯುವುದು. ಓದುವುದು ಯಾವಾಗ?
(ಒಬ್ಬ ಅಜ್ಜಿ, ಮೈಸೂರು)

ಉತ್ತರ: ಅಜ್ಜಿ, ನೀವು ಹೇಳಿದ ಮೂರನ್ನೂ ಅಲ್ಲಿ ಓದು ಎಂದೇ ಎಣಿಸುತ್ತಾರೆ. ಬ್ಯಾಂಡು ಸಮಯಪಟ್ಟಿಯಲ್ಲಿರುವ ವಿಷಯ, ಅದಕ್ಕೂ ಗ್ರೇಡ್ ಇದೆ. ದೈಹಿಕ ಶಿಕ್ಷಣ ಇಲಿನಾಯ್‌ನಲ್ಲಿ ಕಡ್ಡಾಯ. ವಾಹನ ಚಾಲನೆಯ ಪಾಠವನ್ನು ಹೈಸ್ಕೂಲುಗಳು ಕಲಿಸಬೇಕೆಂದು ರಾಜ್ಯದ ಕಾನೂನೇ ಹೇಳುತ್ತದೆ. ಹದಿನೈದು ತುಂಬಿದವರು ಕಲಿಯುವ ಪರ್ಮಿಟ್ ಪಡೆಯಬಹುದು, ಹದಿನಾರಕ್ಕೆ ಲೈಸೆನ್ಸ್. ಬಸ್ಸು, ಆಟೊ ಇಲ್ಲದ ಊರುಗಳಲ್ಲಿ ಅದು ಈಜಿಗಿಂತ ಹೆಚ್ಚು ಅಗತ್ಯ.

ಹುಡುಗಿಯರ ಆಟಕ್ಕೂ ಹುಡುಗರ ಆಟಕ್ಕೂ ಸಮಾನ ಅವಕಾಶ ಇರಬೇಕು ಎಂಬ ಕೇಂದ್ರ ಕಾನೂನು ಬಂದದ್ದು 1972ರಲ್ಲಿ. ಮೊಮ್ಮಗಳು ಈಜುತ್ತಿರುವುದು ಅದರ ಫಲ. ಆದರೂ ನಿಮ್ಮ ಆತಂಕದಲ್ಲಿ ಒಂದು ನಿಜವಿದೆ. ಏಳಕ್ಕೆ ಮನೆಗೆ ಬಂದ ಮಗು ಹನ್ನೊಂದರವರೆಗೆ ಮನೆಪಾಠ ಮಾಡಿ, ಬೆಳಿಗ್ಗೆ ಕತ್ತಲಲ್ಲೇ ಎದ್ದು ಹಳದಿ ಬಸ್ಸಿಗೆ ಕಾಯುತ್ತದೆ. ಆ ಬಸ್ಸು ಬದಿಯ ‘ಸ್ಟಾಪ್’ ಫಲಕವನ್ನು ಚಾಚಿ ನಿಂತರೆ, ಸಾಮಾನ್ಯ ರಸ್ತೆಯಲ್ಲಿ ಎರಡೂ ಕಡೆಯ ವಾಹನಗಳು ನಿಲ್ಲಬೇಕು. ಇಷ್ಟೆಲ್ಲ ಜತನ ಮಾಡುವ ಊರು ಮಕ್ಕಳ ನಿದ್ರೆಯ ವಿಷಯದಲ್ಲಿ ಮಾತ್ರ ಧಾರಾಳವಾಗಿಲ್ಲ. ಎರಡು ಚಟುವಟಿಕೆಗಳಲ್ಲಿ ಒಂದನ್ನು ಬಿಡಲು ಮಗಳು ಅಳಿಯ ಹಿಂಜರಿದರೆ, ನಿಮ್ಮ ಮಾತನ್ನು ಗಟ್ಟಿಯಾಗಿಯೇ ಹೇಳಿ.

ಪ್ರಶ್ನೆ: ಮೊಮ್ಮಗ ಬೇಸಿಗೆ ರಜೆಯಲ್ಲಿ ನಮ್ಮೊಂದಿಗೆ ಪ್ರವಾಸಿ ವೀಸಾದಲ್ಲಿ ಅಮೆರಿಕಕ್ಕೆ ಬರುತ್ತಾನೆ. ಎರಡು ತಿಂಗಳು ಅಲ್ಲಿಯ ಹೈಸ್ಕೂಲಿನಲ್ಲಿ ಕೂರಿಸಬಹುದೇ?
(ಉಡುಪಿಯ ಓದುಗರು)

ಉತ್ತರ: ಬೇಡ. ಬಿ-2 ಪ್ರವಾಸಿ ವೀಸಾದಲ್ಲಿ ಶಾಲೆಗೆ ಸೇರಿ ಓದುವಂತಿಲ್ಲ, ಮುಂದಿನ ವೀಸಾಗಳಿಗೆ ಅದು ತೊಡಕಾಗುತ್ತದೆ. ವಿದ್ಯಾರ್ಥಿಗಳ ಎಫ್-1 ವೀಸಾದಲ್ಲಿ ಪಬ್ಲಿಕ್ ಹೈಸ್ಕೂಲಿಗೆ ಸೇರಬಹುದು, ಆದರೆ ಒಟ್ಟು ಹನ್ನೆರಡು ತಿಂಗಳು ಮಾತ್ರ, ಅದೂ ಒಬ್ಬ ವಿದ್ಯಾರ್ಥಿಗೆ ಡಿಸ್ಟ್ರಿಕ್ಟ್ ಮಾಡುವ ಪೂರ್ಣ ಖರ್ಚನ್ನು ಕಟ್ಟಿದ ಮೇಲೆ. ತಂದೆ ಅಥವಾ ತಾಯಿ ಉದ್ಯೋಗದ ಎಚ್-1ಬಿ ವೀಸಾದಲ್ಲಿದ್ದು ಮಗು ಅವಲಂಬಿತರ ಎಚ್-4 ವೀಸಾದಲ್ಲಿ ಜೊತೆಗಿದ್ದರೆ ಈ ತೊಂದರೆ ಯಾವುದೂ ಇಲ್ಲ. ಅಂದ ಹಾಗೆ, ಜೂನ್ ಆರಂಭದಿಂದ ಆಗಸ್ಟ್ ಮಧ್ಯದವರೆಗೆ ಅಲ್ಲಿಯೂ ರಜೆ.

ಪ್ರಶ್ನೆ: ಅಲ್ಲಿಯ ಹೈಸ್ಕೂಲಿನಲ್ಲಿ ಸ್ಪ್ಯಾನಿಶ್, ಫ್ರೆಂಚ್ ಕಲಿಸುತ್ತಾರಂತೆ. ನಮ್ಮ ಮೊಮ್ಮಕ್ಕಳ ಕನ್ನಡಕ್ಕೆ ಅಲ್ಲಿ ಏನಾದರೂ ಬೆಲೆ ಇದೆಯೇ?
(ಧಾರವಾಡದ ಓದುಗರು)

ಉತ್ತರ: ಇದೆ, ಹಲವು ಪೋಷಕರಿಗೆ ಗೊತ್ತಿಲ್ಲ. ಇಂಗ್ಲಿಷ್ ಜೊತೆ ಇನ್ನೊಂದು ಭಾಷೆಯಲ್ಲಿ ಪ್ರೌಢಿಮೆ ತೋರಿಸಿದವರ ಹೈಸ್ಕೂಲ್ ಡಿಪ್ಲೊಮಾದ ಮೇಲೆ ದ್ವಿಭಾಷಾ ಮುದ್ರೆ ಒತ್ತುವ ಪದ್ಧತಿಯನ್ನು ಕ್ಯಾಲಿಫೋರ್ನಿಯಾ 2011ರಲ್ಲಿ, ಇಲಿನಾಯ್ 2013ರಲ್ಲಿ ಕಾನೂನು ಮಾಡಿ ತಂದವು. ಆ ಭಾಷೆಯನ್ನು ಶಾಲೆಯಲ್ಲೇ ಕಲಿತಿರಬೇಕೆಂದಿಲ್ಲ. ಕನ್ನಡಕ್ಕೆ ಯಾವ ಪರೀಕ್ಷೆಯನ್ನು ಒಪ್ಪುತ್ತೀರಿ ಎಂದು ಹತ್ತನೇ ತರಗತಿಯಲ್ಲೇ ಶಾಲೆಯ ಕೌನ್ಸೆಲರನ್ನು ಕೇಳುವಂತೆ ಮಗನಿಗೆ ಹೇಳಿ. ಶಿಕಾಗೊ ಕಡೆ ವಿದ್ಯಾರಣ್ಯ ಕನ್ನಡ ಕೂಟವಿದೆ, ವಾರಾಂತ್ಯದ ಕನ್ನಡ ಕಲಿಕೆಗೆ ಅಲ್ಲಿ ವಿಚಾರಿಸಬಹುದು.

ಇಂಥ ಪರೀಕ್ಷೆಗಳಲ್ಲಿ ಕೇಳುವುದು, ಮಾತನಾಡುವುದು, ಓದುವುದು, ಬರೆಯುವುದು ನಾಲ್ಕನ್ನೂ ನೋಡುತ್ತಾರೆ. ನಿಮ್ಮೊಂದಿಗೆ ಫೋನಿನಲ್ಲಿ ಗಂಟೆಗಟ್ಟಲೆ ಹರಟುವ ಮಕ್ಕಳು ಮೊದಲ ಎರಡನ್ನು ಸಲೀಸಾಗಿ ದಾಟಿ, ಬರವಣಿಗೆಗೆ ಬಂದಾಗ ಒತ್ತಕ್ಷರದಲ್ಲಿ ಎಡವುತ್ತಾರೆ. ತಿಂಗಳಿಗೊಂದು ಕಾಗದ ಬರೆಯಲು ಹೇಳಿ, ಕೈಬರಹದಲ್ಲಿ. ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿ.